ಟಬ್ ಇಲ್ಲದ ಮನೆಗೆ ಟಬ್ ಸ್ಪೌಟ್

ನಮ್ಮ ಮನೆಯಲ್ಲಿ ಬಾತ್‌ಟಬ್ ಇಲ್ಲ. ನಮ್ಮ ಓಣಿಯಲ್ಲೂ ಇಲ್ಲ. ಇಡೀ ಊರಲ್ಲಿ ಯಾರಾದರೂ ಹಾಕಿಸಿದ್ದಾರೆ ಅಂತ ಕೇಳಿಲ್ಲ. ಆದರೂ 2024ರ ಜನವರಿಯಲ್ಲಿ ನಾಲ್ಕು ದಿನ ರಜಾ ಹಾಕಿ ಊರಿಗೆ ಹೋಗಿ ನಾನು ಬದಲಿಸಿ ಬಂದದ್ದು ಬಾತ್‌ಟಬ್ ಸ್ಪೌಟ್. ಅಂಗಡಿಯವರು ಕೊಟ್ಟ ಡಬ್ಬಿಯ ಮೇಲೆ ಹಾಗೇ ಅಚ್ಚಾಗಿತ್ತು. ಓದಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಮತ್ತ ಟಬ್ ಯಾವಾಗ ಬರತೈತಿ?"

ನಮ್ಮ ಕಡೆ ಅದು ಬರೇ ನಳ. ಗೋಡೆಯಿಂದ ಗೇಣುದ್ದ ಹೊರಗೆ ಬಂದು, ಮೂತಿ ಕೆಳಗೆ ಮಾಡಿ, ಬಕೆಟ್ಟಿಗೆ ನೀರು ಬಿಡುವ ನಳ. ನೆತ್ತಿಯ ಮೇಲೆ ಒಂದು ಪುಟ್ಟ ಗುಂಡಿ. ಅದನ್ನು ಎತ್ತಿದರೆ ಒಳಗಿನ ಮುಚ್ಚಳ ಬಿದ್ದು ನೀರು ಮೇಲಿನ ಶವರಿಗೆ ಹೋಗುತ್ತದೆ. ಎಲ್ಲೋ ಟಬ್ಬಿಗೆ ಅಂತ ಹುಟ್ಟಿದ್ದು ನಮ್ಮ ದೇಶಕ್ಕೆ ಬಂದು ಬಕೆಟ್ಟಿನ ಮುಂದೆ ನಿಂತಿದೆ. ಹೆಸರು ಮಾತ್ರ ಹಳೇದೇ.

ಚಿಕ್ಕೋಡಿ ತಾಲ್ಲೂಕಿನ ಹೊಳಿ ದಂಡಿಯ ಊರು ನಮ್ಮದು. ಹೊಳಿ ಅಂದರೆ ಕೃಷ್ಣಾ. ನನ್ನ ಬಾಲ್ಯದಲ್ಲಿ ಬಚ್ಚಲ ಅಂದರೆ ಒಂದು ಕಲ್ಲು, ಮೂಲೆಗೆ ತಾಮ್ರದ ಬಂಬ. ಬಂಬ ನೋಡದವರಿಗೆ ಹೇಳುತ್ತೇನೆ: ದೊಡ್ಡ ಕೊಡದಂಥ ಪಾತ್ರೆ, ನಟ್ಟನಡುವೆ ಮೇಲಿಂದ ಕೆಳಗಿನ ತನಕ ಒಂದು ಕೊಳವೆ. ಆ ಕೊಳವೆಯೊಳಗೆ ಕಟ್ಟಿಗೆಯನ್ನೋ ಕಾಳು ಬಿಡಿಸಿದ ಗೊಂಜಾಳದ ಬೆಂಡನ್ನೋ ಹಾಕಿ ಉರಿ ಹಚ್ಚಿದರೆ ಸುತ್ತಲಿನ ನೀರು ಕಾಯುತ್ತದೆ. ಕೆಳಗೊಂದು ತೋಟಿ. ಈ ಬಂಬ, ತೋಟಿ, ನೀರಿನ ಟಾಕಿ, ಬೋಲ್ಟು ಬಿಚ್ಚುವ ಪಾನಾ ಎಲ್ಲವೂ ಗಡಿಯ ಆಚೆ ಈಚೆ ಒಂದೇ ಹೆಸರಿನಲ್ಲಿ ಓಡಾಡುವ ಸಾಮಾನು. ಕೊಲ್ಹಾಪುರದ ಅಂಗಡಿಯಲ್ಲೂ ಅದೇ, ನಿಪ್ಪಾಣಿಯಲ್ಲೂ ಅದೇ.

ಟೈಲ್ಸು, ಶವರು, ನೆತ್ತಿಯ ಮೇಲೆ ಗುಂಡಿ ಇರುವ ನಳ, ಇವೆಲ್ಲ ಬಂದದ್ದು 2019ರ ನಂತರ.

ಆ ವರ್ಷ ನಮ್ಮ ಕಡೆಯವರು ಮರೆಯುವುದಿಲ್ಲ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಹೊಳಿಯೊಳಗೆ ಬಂಡೆ ಕಾಣುತ್ತಿತ್ತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆ ಒಂದೇ ಮಾತು: ಮಹಾರಾಷ್ಟ್ರದವರು ಕೊಯ್ನಾದಿಂದ ನೀರು ಬಿಡುತ್ತಾರೋ ಇಲ್ಲವೋ. ಅವ್ವ ಕೊಡ ಎಣಿಸಿ ಮನೆ ನಡೆಸಿದಳು. ಆಮೇಲೆ ಆಗಸ್ಟ್ ಮೊದಲ ವಾರದಲ್ಲಿ ಅದೇ ಹೊಳಿ ಊರೊಳಗೆ ಬಂತು. ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಪುಣೆ-ಬೆಂಗಳೂರು ಹೆದ್ದಾರಿಯನ್ನೇ ಏರಿ ಲಾರಿಗಳು ಸಾಲುಗಟ್ಟಿ ನಿಂತವು. ಬೆಂಗಳೂರಿನಿಂದ ಹೊರಟ ನಾನು ಮನೆ ಮುಟ್ಟಲಿಲ್ಲ. ಅಪ್ಪ ಅವ್ವ ಅಥಣಿಯಲ್ಲಿರುವ ತಂಗಿಯ ಮನೆ ಸೇರಿದ್ದರು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಗೋಡೆಯ ಮೇಲೆ ಎದೆಮಟ್ಟ ಕೆಸರಿನ ಗೆರೆ. ಬಚ್ಚಲದ ಗೋಡೆ ಬಿದ್ದಿತ್ತು. ಬಂಬ ಹಿತ್ತಲದ ಬೇಲಿಗೆ ಸಿಕ್ಕಿಕೊಂಡಿತ್ತು.

ಅಪ್ಪ ಹೊಸ ಬಚ್ಚಲ ಕಟ್ಟಿಸಿದ. ಗೌಂಡಿ ಗೋಡೆ ಕಟ್ಟಿದ, ಟೈಲ್ಸ್ ಹಚ್ಚಿದ. ನಳ, ಶವರು ಮಾತ್ರ ಅಪ್ಪ ತಾನೇ ಜೋಡಿಸಿದ. ನೀರಾವರಿ ಪಂಪು, ಪೈಪು ಅಂತ ಜೀವನಪೂರ್ತಿ ಪಾನಾ ಹಿಡಿದ ಕೈ. ಮೊಮ್ಮಕ್ಕಳು ಬಂದರೆ ಶವರ್ ಬೇಕು ಅನ್ನುವುದು ಅವನ ಹಟ. ಅವ್ವ ಒಂದು ದಿನವೂ ಅದರ ಕೆಳಗೆ ನಿಲ್ಲಲಿಲ್ಲ. "ಮಳಿಯಾಗ ನಿಂತಂಗ ಆಕ್ಕೈತಿ, ಅದೇನ್ ಜಳಕ" ಅಂದಳು. ಮಣಿಯ ಮೇಲೆ ಕೂತು, ಬಕೆಟ್ ಮುಂದಿಟ್ಟುಕೊಂಡು, ತಂಬಿಗೆಯಿಂದ ಸುರಿದುಕೊಂಡರೇ ಅವಳಿಗೆ ಜಳಕ.

2021ರಲ್ಲಿ ಅಪ್ಪ ತೀರಿಕೊಂಡ. ಅವ್ವ ಒಬ್ಬಳೇ ಉಳಿದಳು.

ಜನವರಿಯಲ್ಲಿ ಫೋನ್ ಬಂತು. "ಪಡಸಾಲಿ ಗ್ವಾಡಿ ಹಸಿ ಆಗೈತಿ. ಜ್ವಾಳದ ಚೀಲ ಈಚಿಗಿ ಎಳದೇನಿ." ಬಚ್ಚಲದ ನಳ ಅಲುಗಾಡುತ್ತದೆ, ಬಿಟ್ಟಾಗ ಬುಡದಲ್ಲಿ ನೀರು ಜಿನುಗುತ್ತದೆ ಅಂತಲೂ ಹೇಳಿದಳು. ಪ್ಲಂಬರ್‌ಗೆ ಹೇಳಿ ಮೂರು ವಾರ ಆಗಿತ್ತು. ಅವನು ನಾಳೆ ಬರುತ್ತೇನೆ ಅನ್ನುತ್ತಲೇ ಇದ್ದ. ಅವನದೂ ತಪ್ಪಿಲ್ಲ, ಸುತ್ತ ಹತ್ತು ಹಳ್ಳಿಗೆ ಒಬ್ಬನೇ.

ರಾಣಿ ಚೆನ್ನಮ್ಮ ರೈಲು ಹತ್ತಿ ಬೆಳಿಗ್ಗೆ ರಾಯಬಾಗಕ್ಕೆ ಇಳಿದೆ. ಕಬ್ಬಿನ ಹಂಗಾಮು. ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರ್‌ಗಳು. ಬಸ್ಸು ಅವುಗಳ ಹಿಂದೆ ಕುಂಟುತ್ತ ಊರು ಮುಟ್ಟುವಷ್ಟರಲ್ಲಿ ನಾನು ಯೂಟ್ಯೂಬಿನಲ್ಲಿ ನಳ ಬದಲಿಸುವ ಮೂರು ವಿಡಿಯೊ ನೋಡಿ ಮುಗಿಸಿದ್ದೆ. ಹತ್ತು ನಿಮಿಷದ ಕೆಲಸ ಅಂತ ಮೂರರಲ್ಲೂ ಹೇಳಿದ್ದರು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ನಳ ಬಂದ್ ಮಾಡಿದ ಮೇಲೂ ಮೂತಿಯಿಂದ ತೊಟ್ಟಿಕ್ಕುತ್ತಿದ್ದರೆ ಈ ಸ್ಪೌಟ್ ಬದಲಿಸಿ ಪ್ರಯೋಜನವಿಲ್ಲ. ಸ್ಪೌಟ್ ಅಂದರೆ ಬರೀ ದಾರಿ, ತಡೆಯುವವನು ಗೋಡೆಯಲ್ಲಿರುವ ಕಾಕ್. ತಪ್ಪು ಅದರೊಳಗಿನ ವಾಶರ್‌ದು. ನೀರು ಬಿಟ್ಟಾಗ ಮಾತ್ರ ಬುಡದಲ್ಲಿ ಜಿನುಗಿದರೆ, ಅಥವಾ ಗುಂಡಿ ಎತ್ತಿದರೂ ಅರ್ಧ ನೀರು ಬಕೆಟ್ಟಿಗೇ ಬೀಳುತ್ತಿದ್ದರೆ, ಆಗ ಸ್ಪೌಟಿನ ಕಡೆ ನೋಡಬೇಕು. ನಮ್ಮದು ಬುಡದ ಸೋರಿಕೆ. ಹೊರಗೆ ಕಾಣುವುದು ಹನಿ, ಉಳಿದದ್ದು ಟೈಲ್ಸ್ ಹಿಂದೆ ಇಳಿದು ಪಡಸಾಲೆಯ ಗೋಡೆ ಸೇರುತ್ತಿತ್ತು.

ಅಪ್ಪನ ಕಬ್ಬಿಣದ ಪೆಟ್ಟಿಗೆ ಅಟ್ಟದ ಮೇಲಿಂದ ಇಳಿಸಿದೆ. ಪೈಪ್ ಪಾನಾ, ಎರಡು ಸ್ಕ್ರೂ ಡ್ರೈವರ್, ಸುತಳಿಯ ಉಂಡೆ, ಗಟ್ಟಿಯಾಗಿ ಕಲ್ಲಾದ ಸಫೇದಾ ಡಬ್ಬಿ. ಹಿಂದೆ ಪೈಪಿನ ಮರೆಗೆ ಸುತಳಿಯ ಎಳೆ ಸುತ್ತಿ, ಮೇಲೆ ಸಫೇದಾ ಬಳಿದು ತಿರುವುತ್ತಿದ್ದರು. ಎಳೆ ನೀರು ಕುಡಿದು ಉಬ್ಬಿ ಸಂದು ಮುಚ್ಚುತ್ತಿತ್ತು. ಈಗ ಆ ಜಾಗಕ್ಕೆ ಬಿಳಿ ಟೆಫ್ಲಾನ್ ಟೇಪ್ ಬಂದಿದೆ. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್ಜಿಗೆ ಹೊಸ ಅನಿಲ ಹುಡುಕುತ್ತಿದ್ದಾಗ ಆಕಸ್ಮಿಕವಾಗಿ ಸಿಲಿಂಡರಿನೊಳಗೆ ಸಿಕ್ಕ ಬಿಳಿ ಪುಡಿ ಅದರ ಮೂಲ. ಇಂದು ನಮ್ಮೂರ ಕಿರಾಣಿ ಅಂಗಡಿಯಲ್ಲೂ ಅದರ ಸುರುಳಿ ಸಿಗುತ್ತದೆ.

ಕಾಕ್ ಬಂದ್ ಇದ್ದರೆ ಸ್ಪೌಟಿನೊಳಗೆ ನೀರಿನ ಒತ್ತಡ ಇರುವುದಿಲ್ಲ, ಟಾಕಿ ಬಂದ್ ಮಾಡಬೇಕಾಗಿಲ್ಲ. ನಾನು ಧೈರ್ಯಕ್ಕೆ ಅದನ್ನೂ ಬಂದ್ ಮಾಡಿದೆ. ಹಲ್ಲು ಮೂಡಬಾರದೆಂದು ನಳಕ್ಕೆ ಹಳೇ ಅರಿವೆ ಸುತ್ತಿ, ಪಾನಾ ಹಿಡಿದು ಎಡಕ್ಕೆ ಜಗ್ಗಿದೆ. ಅಲುಗಲಿಲ್ಲ. ಇನ್ನಷ್ಟು ಜಗ್ಗಿದೆ. ಟಕ್ ಅಂತು.

ನಳ ಕೈಗೆ ಬಂತು. ಆದರೆ ಮರೆ ಗೋಡೆಯಲ್ಲೇ ಉಳಿಯಿತು. ನಳಕ್ಕೂ ಗೋಡೆಗೂ ನಡುವೆ ಇರುವ ಹಿತ್ತಾಳೆಯ ನಿಪ್ಪಲ್ ಮುರಿದು, ಅದರ ಅರ್ಧ ಒಳಗಿನ ಬೆಂಡಿನಲ್ಲಿ ಕೂತಿತ್ತು. ಹಿಡಿಯೋಣವೆಂದರೆ ಹೊರಗೆ ಒಂದು ನೂಲು ಇಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಮುರೀತೇನ?" ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಆಗ ನನಗೆ ಅದು ತಿಳಿಯಲಿಲ್ಲ. ಅಪ್ಪ ಬಿಗಿದದ್ದನ್ನು ಮುರಿದೆನಲ್ಲ ಅಂತ ಇರಬೇಕು ಅಂದುಕೊಂಡೆ.

ಮುರಿದ ನಳ ಚೀಲದಲ್ಲಿ ಹಾಕಿಕೊಂಡು ಪಕ್ಕದ ಮನೆಯ ಬೈಕ್ ಕೇಳಿಕೊಂಡು ಚಿಕ್ಕೋಡಿಗೆ ಹೋದೆ. ಅಪ್ಪನ ಕಾಲದಿಂದ ನಮ್ಮ ಸಾಮಾನು ಒಂದೇ ಅಂಗಡಿಯಿಂದ. ಗಲ್ಲೆಯ ಮೇಲೆ ಕೂತ ಕಾಕಾಗೆ ಎಪ್ಪತ್ತರ ಮೇಲಿರಬೇಕು. ನಾನು ಹೋದ ಕೂಡಲೇ ದೊಡ್ಡ ಮನುಷ್ಯನಂತೆ "ಅರ್ಧ ಇಂಚಿಂದು ಸ್ಪೌಟ್ ಕೊಡ್ರಿ ಕಾಕಾ" ಅಂದೆ.

"ಅರ್ಧ ಇಂಚ ಎಲ್ಲೆ ಐತಿ, ಅಳತಿ ಮಾಡಿ ತೋರಸ್ರಿ" ಅಂತ ನಕ್ಕರು.

ನಿಜ. ಅರ್ಧ ಇಂಚಿನ ಪೈಪಿನ ಮರೆಯನ್ನು ಹೊರಗಿನಿಂದ ಅಳೆದರೆ ಹತ್ತಿರ ಹತ್ತಿರ 21 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚಿಗೂ ಹೆಚ್ಚು. ಅರ್ಧ ಇಂಚು ಅನ್ನುವುದು ಒಂದು ಕಾಲದ ಪೈಪಿನ ಒಳ ಬಾಯಿಯ ಲೆಕ್ಕ. ಪೈಪಿನ ಗೋಡೆಯ ದಪ್ಪ ಬದಲಾಯಿತು, ಹೆಸರು ನಿಂತಿತು. ಮರೆಯ ಅಳತೆಯೂ ಬ್ರಿಟಿಷರದೇ, ಒಂದು ಇಂಚಿನಲ್ಲಿ 14 ಸುತ್ತು. ಅದಕ್ಕೇ ಸ್ಕೇಲು ಹಿಡಿದು ನಳ ಕೊಳ್ಳಬಾರದು, ಹಳೇದನ್ನು ಹಿಡಿದುಕೊಂಡು ಹೋಗಬೇಕು.

ನಾನು ಹಳೇದನ್ನು ತೆಗೆದು ಕೊಟ್ಟೆ. ಕಾಕಾ ಕನ್ನಡಕ ಏರಿಸಿ ಮುರಿದ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಮನ್ಯಾಗ ವಯಸ್ಸಾದವರು ಯಾರದಾರ?"

"ನಮ್ಮವ್ವ."

"ಕೂತು ಜಳಕಾ ಮಾಡತಾರ?"

"ಹೌದ್ರಿ."

ನಳವನ್ನು ನನ್ನ ಕಡೆ ತಿರುಗಿಸಿದರು. ಮುರಿದ ನಿಪ್ಪಲ್ಲಿನ ಬಾಯಿಯ ಕೆಳಗಿನ ಅರ್ಧ ಬಂಗಾರದಂತೆ ಹೊಳೆಯುತ್ತಿತ್ತು. ಅದು ಇವತ್ತು ನಾನು ಮುರಿದದ್ದು. ಮೇಲಿನ ಅರ್ಧ ಹಸಿರುಗಟ್ಟಿ ಕಪ್ಪಾಗಿತ್ತು. ಅದು ಯಾವಾಗಲೋ ಬಿರುಕು ಬಿಟ್ಟು, ಒಳಗೆ ನೀರು ಕೂತು ಕಿಲುಬು ಹಿಡಿದದ್ದು. ಆಮೇಲೆ ನಳದ ನೆತ್ತಿ ತೋರಿಸಿದರು. ಎಲ್ಲ ಕಡೆ ಬಿಳಿ ಸವಳು ಗಟ್ಟಿಯಾಗಿ ಅಂಟಿತ್ತು, ಮೂತಿಯ ಹತ್ತಿರ ಮೇಲ್ಭಾಗದಲ್ಲಿ ಮಾತ್ರ ಅಂಗೈ ಅಗಲ ಸವಳೂ ಇಲ್ಲ, ಮೇಲಿನ ಹೊಳಪೂ ಇಲ್ಲ. ಒಳಗಿನ ಹಿತ್ತಾಳೆ ಕಾಣುತ್ತಿತ್ತು.

"ಇದನ್ನ ಹಿಡದ ಏಳತಾರ್ರಿ ಅವರು. ದಿನಾ ಕೆಳಗ ಒತ್ತಿದ್ರ ಮ್ಯಾಲಿನ ಮಗ್ಗಲ ಸೀಳತೈತಿ. ನಿಮ್ಮ ಕೈಯಾಗ ಮುರಿದದ್ದ ಚಲೋ ಆತು ಬಿಡ್ರಿ. ಅವರ ಕೈಯಾಗ ಮುರಿಬೇಕಾಗಿತ್ತು."

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ನಾನು ಆ ನಳ ಹಿಡಿದುಕೊಂಡು ಸುಮ್ಮನೆ ನಿಂತೆ.

ನಾನು ಪ್ರತಿ ರವಿವಾರ ಫೋನ್ ಮಾಡುವವನು. ಉಂಡೆಯಾ, ಗುಳಿಗಿ ತಗೊಂಡೆಯಾ, ಮಂಡಿ ನೋವು ಹ್ಯಾಂಗೈತಿ, ಎಲ್ಲ ಕೇಳುವವನು. "ಆರಾಮ ಐತಪ" ಅನ್ನುತ್ತಿದ್ದಳು. ಫೋನಿನಲ್ಲಿ ಯಾರೂ ಮಣಿಯ ಮೇಲಿಂದ ಎದ್ದು ತೋರಿಸುವುದಿಲ್ಲ.

ಕಾಕಾ ಕೆಲಸದ ಮಾತಿಗೆ ಬಂದರು. ಒಳಗೆ ಉಳಿದ ತುಂಡು ತೆಗೆಯಲು ಹಳೇ ಅರ ಇದ್ದರೆ ಅದರ ಚೂಪಾದ ಚೌಕ ಬಾಲವನ್ನು ತುಂಡಿನೊಳಗೆ ಮೆಲ್ಲಗೆ ಬಡಿದು ಕೂಡಿಸಿ, ಪಾನಾದಿಂದ ಎಡಕ್ಕೆ ತಿರುವಬೇಕು. ಜೋರಾಗಿ ಬಡಿದರೆ ಒಳಗಿನ ಬೆಂಡೇ ಒಡೆದು, ಟೈಲ್ಸ್ ಕಿತ್ತು ಗೋಡೆ ಅಗಿಯುವ ಕೆಲಸ ಬರುತ್ತದೆ. ಹೊಸ ನಿಪ್ಪಲ್ಲಿಗೆ ಟೈಲ್ಸಿನ ಮೈಯಿಂದ ಒಳಗಿನ ಬೆಂಡಿನ ಬಾಯಿ ಎಷ್ಟು ಆಳ ಇದೆ ಅಂತ ತಿಳಿಯಬೇಕು. ನನಗೆ ಗೊತ್ತಿರಲಿಲ್ಲ. "ಪೆನ್ಸಿಲ್ ಒಳಗ ಹಾಕಿ ಗುರುತು ಮಾಡಕೊಂಡ ಬರ್ರಿ" ಅಂದರು. ಹಳೇ ಅರ ಅವರೇ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಮನೆಗೆ ಬಂದು ಅವ್ವನಿಗೆ ಏನೂ ಹೇಳಲಿಲ್ಲ. ಅರದ ಬಾಲ ತುಂಡಿನೊಳಗೆ ಕೂಡಿಸಿದೆ. ಮೂರು ಸಲ ಜಾರಿತು. ನಾಲ್ಕನೇ ಸಲ ಕಚ್ಚಿತು. ಒಂದು ಸುತ್ತು, ಎರಡು ಸುತ್ತು, ತುಂಡು ಹೊರಗೆ ಬಂತು. ಅದರ ಮೇಲೆ ಅಪ್ಪ ಸುತ್ತಿದ ಟೇಪಿನ ಎಳೆಗಳು ಹಾಗೇ ಇದ್ದವು. ಅವುಗಳ ಕೆಳಗೆ ಸುತಳಿಯ ನಾಲ್ಕು ನೂಲು. ಹೊಸದನ್ನೂ ಸುತ್ತಿದ್ದ, ಹಳೇದರ ಮೇಲಿನ ನಂಬಿಕೆಯನ್ನೂ ಬಿಟ್ಟಿರಲಿಲ್ಲ.

ಅಳತೆ ತಗೊಂಡು ಮತ್ತೆ ಚಿಕ್ಕೋಡಿಗೆ ಹೋದೆ. ಸ್ಪೌಟ್, ನಿಪ್ಪಲ್, ಟೇಪ್. ಜೋಡಿಸುವಾಗ ನಾನು ಮಾಡಿದ ತಪ್ಪುಗಳನ್ನೂ ಬರೆಯುತ್ತೇನೆ. ಮೊದಲ ಸಲ ಟೇಪನ್ನು ಉಲ್ಟಾ ಸುತ್ತಿದೆ. ತಿರುವುತ್ತ ಹೋದಂತೆ ಅದು ಸುರುಳಿ ಬಿಚ್ಚಿಕೊಂಡು ಹೊರಗೆ ಬಂತು. ಮರೆಯ ತುದಿಯನ್ನು ನಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು, ಹತ್ತು ಹನ್ನೆರಡು ಸುತ್ತು, ಎಳೆದು ಬಿಗಿಯಾಗಿ. ಎರಡನೇ ಸಲ ನಳ ಬಿಗಿಯಾದಾಗ ಅದರ ಮೂತಿ ಪಕ್ಕದ ಗೋಡೆ ನೋಡುತ್ತಿತ್ತು. ಕೆಳಗೆ ಬರಲಿ ಅಂತ ಸ್ವಲ್ಪ ಹಿಂದಕ್ಕೆ ತಿರುವಿದೆ. ನೀರು ಬಿಟ್ಟರೆ ಮತ್ತೆ ಜಿನುಗು. ಬಿಗಿದದ್ದನ್ನು ಹಿಂದಕ್ಕೆ ತಿರುವಿದರೆ ಟೇಪು ಕೂತ ಜಾಗ ಬಿಡುತ್ತದೆ. ಪೂರ್ತಿ ಬಿಚ್ಚಿ, ಇನ್ನೆರಡು ಸುತ್ತು ಹೆಚ್ಚಿಗೆ ಹಾಕಿ, ಮೂತಿ ಕೆಳಗೆ ಬರುವಾಗಲೇ ಬಿಗಿಯಾಗುವ ಹಾಗೆ ನೋಡಬೇಕು. ಮೂರನೇ ಸಲಕ್ಕೆ ಬಂತು. ಬುಡಕ್ಕೆ ಹಳೇ ಪೇಪರ್ ಸುತ್ತಿ ಎರಡು ಬಕೆಟ್ ನೀರು ತುಂಬಿಸಿದೆ. ಪೇಪರ್ ಒಣಗಿಯೇ ಇತ್ತು. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ದಿನ ಆಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಅವ್ವಾ, ನಳಾ ಹಿಡದ ಏಳತಿದ್ದೇನ?"

ರೊಟ್ಟಿ ಮುರಿಯುವ ಕೈ ನಿಂತಿತು. "ಯಾರ್ ಹೇಳಿದ್ರ?"

"ನಳಾನ ಹೇಳತು."

ಅವಳು ನಗಲಿಲ್ಲ. ತುಸು ಹೊತ್ತಿನ ಮೇಲೆ ಅಂದಳು: "ಮಳಿಗಾಲದಿಂದ ಮಂಡಿ ಏಳಾಕ ಬಿಡವಲ್ಲದು. ನಿನಗ ಹೇಳಿದ್ರ ಬೆಂಗಳೂರಿಗಿ ನಡಿ ಅಂತಿದ್ದಿ. ಅಲ್ಲೆ ಬಂದ ನಾ ಏನ್ ಮಾಡ್ಲಿ? ಬಾಗಲಾ ಹಾಕ್ಕೊಂಡ ಕೂಡ್ಲಿ? ಇಲ್ಲೆ ನಾಕ ಮಂದಿ ಬರತಾರ, ಹೋಗತಾರ."

ಹೇಳಿದ್ದರೆ ನಾನು ಹಾಗೇ ಅನ್ನುತ್ತಿದ್ದೆ. ಅಂಗಡಿಯಿಂದ ಬರುವ ದಾರಿಯುದ್ದಕ್ಕೂ ಅದನ್ನೇ ತಯಾರು ಮಾಡಿಕೊಂಡು ಬಂದಿದ್ದೆ. ಬೆಂಗಳೂರಿನ ಮನೆಯ ಯಾವ ಕೋಣೆ, ಯಾವ ಮಂಚ, ಎಲ್ಲ. ಆದರೆ ಈಗ ಅದನ್ನು ಆಡಿದರೆ ಮುಂದಿನ ಸಲ ಗೋಡೆ ಹಸಿಯಾದದ್ದನ್ನೂ ಇವಳು ಹೇಳುವುದಿಲ್ಲ ಅನ್ನಿಸಿತು. ಜೋಳದ ಚೀಲ ತಾನೇ ಎಳೆಯುತ್ತಾಳೆ, ಸುಮ್ಮನಾಗುತ್ತಾಳೆ.

"ನಾಳೆ ಒಂದು ಹಿಡಕಿ ಹಾಕೂಣು" ಅಂದೆ. "ಹಿಡಿಯಾಕಂತನ ಮಾಡಿದ್ದು ಬರತೈತಿ, ಸ್ಟೀಲಿಂದು."

"ಎಷ್ಟ ರೊಕ್ಕ?"

"ನಳಕ್ಕಿಂತ ಕಮ್ಮಿ."

ಮೂರನೇ ಸಲ ಚಿಕ್ಕೋಡಿ. ಕಾಕಾ ನನ್ನನ್ನು ನೋಡಿ ಏನೂ ಕೇಳದೆ ಒಳಗಿನಿಂದ ಒಂದೂವರೆ ಫೂಟಿನ ಸ್ಟೀಲ್ ಹಿಡಿಕೆ ತಂದಿಟ್ಟರು. ಬರೀ ಟೈಲ್ಸಿಗೆ ಕಚ್ಚಿಸಿದರೆ ಟೈಲ್ಸ್ ಸಮೇತ ಕಿತ್ತು ಬರುತ್ತದೆ, ಹಿಂದಿನ ಇಟ್ಟಂಗಿಯ ತನಕ ತೂತು ಹೊಡೆದು ಉದ್ದ ಬೋಲ್ಟ್ ಹಾಕಬೇಕು ಅಂದರು. ಒಳಗೆ ಪೈಪು ಹೋದ ಗೆರೆ ತಪ್ಪಿಸಬೇಕು. ಡ್ರಿಲ್ ಯಂತ್ರ ಪಕ್ಕದ ಓಣಿಯ ಸುತಾರನ ಹುಡುಗ ತಂದ.

ಎಷ್ಟು ಎತ್ತರಕ್ಕೆ ಹಾಕಬೇಕು? ಯೂಟ್ಯೂಬಿನಲ್ಲಿ ಇಂಚಿನ ಲೆಕ್ಕ ಇತ್ತು. ಅದೆಲ್ಲ ಕಮೋಡಿನ ಪಕ್ಕದ ಲೆಕ್ಕ, ಮಣಿಯ ಲೆಕ್ಕ ಅಲ್ಲ. ಕೊನೆಗೆ ಬಚ್ಚಲ ಒಣಗಿಸಿ, ಅವ್ವನನ್ನು ಸೀರೆಯಲ್ಲೇ ಮಣಿಯ ಮೇಲೆ ಕೂಡಿಸಿದೆ. "ಈಗ ಏಳು, ಕೈ ಎಲ್ಲೆ ಹೋಗತೈತಿ ನೋಡೂಣು" ಅಂದೆ. ಅವಳು ಕೈ ಚಾಚಿದಳು. ಅದು ಸೀದಾ ಹೊಸ ನಳದ ಮೇಲೆ ಹೋಯಿತು.

"ಅಲ್ಲೆಲ್ಲ ಬ್ಯಾಡವ್ವಾ."

"ರೂಢಿ ಬಿದ್ದೈತಲ್ಲೋ."

ಎರಡನೇ ಸಲ ಗೋಡೆಗೆ ಅಂಗೈ ಊರಿದಳು. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಏಳುವುದನ್ನು ಪೂರ್ತಿ ನೋಡಿದ್ದು ಅವತ್ತೇ. ಒಂದು ಕೈ ಮಂಡಿಯ ಮೇಲೆ, ಒಂದು ಕೈ ಗೋಡೆಗೆ, ಹಲ್ಲು ಕಚ್ಚಿ, ನಡುವೆ ಒಂದು ಸಲ ನಿಂತು, ಉಸಿರು ತಗೊಂಡು, ಮತ್ತೆ. ನಾನು ಹಿಡಿಯಲು ಹೋದೆ. "ಬಿಡು, ನೀ ಹೋದ ಮ್ಯಾಲೆ ಯಾರ ಹಿಡಿತಾರ?" ಅಂದಳು. ಮಣಿಯ ಬದಲು ಪ್ಲಾಸ್ಟಿಕ್ಕಿನ ಎತ್ತರದ ಸ್ಟೂಲೂ ತಂದಿದ್ದೆ. ಅದಕ್ಕೆ ಬಹಳ ತಕರಾರು ಮಾಡಿದಳು. ಬಕೆಟ್ ದೂರ ಆಗುತ್ತದಂತೆ. ಬಕೆಟ್ಟನ್ನು ಒಂದು ಕಲ್ಲಿನ ಮೇಲೆ ಏರಿಸಿ ಇಟ್ಟೆ. ಅದಕ್ಕೂ ಏನೋ ಅಂದಳು, ಆದರೆ ಕಲ್ಲು ತೆಗೆಯಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಚೀಲದಲ್ಲಿ ಹಳೇ ನಳ ಸಿಕ್ಕಿತು. ಇದನ್ಯಾಕೆ ತಂದಿರಿ ಅಂತ ಹೆಂಡತಿ ಕೇಳಿದಳು. ಗುಜರಿಗೆ ಹಾಕೋಣ ಅಂದೆ. ಇನ್ನೂ ಹಾಕಿಲ್ಲ.

ರವಿವಾರದ ಫೋನ್ ಈಗಲೂ ಇದೆ. ಆರಾಮ ಐತಪ ಅನ್ನುವುದೂ ಇದೆ. ನಡುವೆ ತಂಗಿ ಅಥಣಿಯಿಂದ ಬಂದು ಅವ್ವನನ್ನು ಮಂಡಿಯ ಡಾಕ್ಟರಿಗೆ ತೋರಿಸಿದಳು. ಅದು ಬೇರೆಯೇ ಕತೆ, ಇನ್ನೂ ಮುಗಿದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಚಪ್ಪಲಿ ಬಿಟ್ಟು ಕೈಕಾಲು ತೊಳೆಯುವ ನೆಪದಲ್ಲಿ ಮೊದಲು ಬಚ್ಚಲಕ್ಕೇ ಹೋದೆ. ಪಡಸಾಲೆಯ ಗೋಡೆ ಒಣಗಿತ್ತು, ಜೋಳದ ಚೀಲ ಮೊದಲಿನ ಜಾಗಕ್ಕೆ ಬಂದಿತ್ತು. ನಳದ ನೆತ್ತಿಯ ಮೇಲೆ ಸವಳು ಎಲ್ಲ ಕಡೆ ಒಂದೇ ಸಮನೆ ಕೂತಿತ್ತು, ಎಲ್ಲೂ ಸವೆದಿರಲಿಲ್ಲ. ಸ್ಟೀಲ್ ಹಿಡಿಕೆಯ ಒಂದು ತುದಿಗೆ ಅವ್ವನ ಟಾವೆಲ್ ಜೋತುಬಿದ್ದಿತ್ತು. ಇನ್ನೊಂದು ತುದಿಯಲ್ಲಿ ಅಂಗೈ ಅಗಲದಷ್ಟು ಜಾಗ ಬೇರೆ ಎಲ್ಲಕ್ಕಿಂತ ಸ್ವಚ್ಛವಾಗಿತ್ತು.

"ಏನ ನೋಡಾಕತ್ತಿ?" ಅಂದಳು ಹಿಂದಿನಿಂದ.

"ನಳಾ ಸೋರತೈತೇನ ಅಂತ."

"ಸೋರೂದಿಲ್ಲ. ಚಾ ಆರಾಕತೈತಿ, ಬಾ" ಅಂದಳು.